ಟರ್ಮಿನಲ್‌ಗೂ ವಿಭಕ್ತಿ ಪ್ರತ್ಯಯ ಗೊತ್ತಿರಬೇಕು

ಎಂಜಿನಿಯರಿಂಗ್ ಕಾಲೇಜಲ್ಲಿ ಕನ್ನಡ ಸಂಘ ಅಂದ್ರೆ ನವೆಂಬರ್ ತಿಂಗಳು. ಬಾವುಟ, ಡೊಳ್ಳು, ಹಳದಿ-ಕೆಂಪು ಶಾಲು, ಒಂದು ಫ್ಲ್ಯಾಶ್ ಮಾಬ್. ಆಮೇಲೆ ಮುಂದಿನ ನವೆಂಬರ್ ತನಕ ನಿದ್ದೆ. ಡೊಳ್ಳಿನ ಬಗ್ಗೆ ನಮಗೇನೂ ತಕರಾರಿಲ್ಲ, ನಾವೂ ಕುಣಿದವರೇ. ಆದ್ರೆ ನಮ್ಮಂಥ ಸಂಘದ ಕೈಯಲ್ಲಿ ಆಗೋ, ಬೇರೆ ಸಂಘಗಳಿಗೆ ಸುಲಭಕ್ಕೆ ಆಗದ ಒಂದು ಕೆಲಸ ಹಾಗೇ ಬಿದ್ದಿದೆ. ಹಳೇ ಸಂಚಿಕೆಗಳ ಫೈಲ್‌ಗಳನ್ನೆಲ್ಲ ಸ್ಕ್ರಿಪ್ಟ್ ಬರೆದು ಒಟ್ಟಿಗೆ ಯೂನಿಕೋಡಿಗೆ ತರೋದು. ಇದನ್ನ ನಾವೇ ಮಾಡಬೇಕು, ಈ ಸೆಮಿಸ್ಟರಲ್ಲೇ ಶುರು ಮಾಡಬೇಕು ಅನ್ನೋದು ನಮ್ಮ ವಾದ.

ಸಂಘದ ಡ್ರೈವ್ ತೆರೆದು ನೋಡಿ. ಸೀನಿಯರ್‌ಗಳು ಬರೆದ ಕತೆ, ಕವನ, ಹಾಸ್ಟೆಲ್ ಊಟದ ಮೇಲಿನ ಹರಟೆ ಎಲ್ಲ ಇದೆ. ಫೈಲ್ ಕ್ಲಿಕ್ ಮಾಡಿದ್ರೆ ಮಾತ್ರ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು-ಚುಕ್ಕಿ ಇರೋ ಯುರೋಪಿನ ಅಕ್ಷರಗಳ ಕಲಸುಮೇಲೋಗರ. ಫೈಲ್ ಕೆಟ್ಟಿದೆ ಅಂತ ತುಂಬಾ ಜನ ಮುಚ್ಚಿಬಿಡ್ತಾರೆ. ಕೆಟ್ಟಿಲ್ಲ. ಅದು ನುಡಿಯ ಆಸ್ಕಿ ಫಾಂಟ್‌ನಲ್ಲಿ ಬರೆದದ್ದು, ಅಷ್ಟೇ.

ಹಿನ್ನೆಲೆ ಚಿಕ್ಕದಾಗಿ ಹೇಳ್ತೀವಿ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದ್ರೆ ವಿಂಡೋಸ್‌ನಲ್ಲಿ ಕನ್ನಡ ಸರಿಯಾಗಿ ಮೂಡೋಕೆ 2001ರ ಎಕ್ಸ್‌ಪಿ ತನಕ ಕಾಯಬೇಕಾಯ್ತು. ಅಷ್ಟರಲ್ಲಿ ಜನಕ್ಕೆ ಕನ್ನಡ ಬೇಕಿತ್ತು. ಶೇಷಾದ್ರಿವಾಸು 1998ರಲ್ಲಿ ಬರಹ ತಂದ್ರು, ಕನ್ನಡ ಗಣಕ ಪರಿಷತ್ತು ನುಡಿ ತಂತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನ ಕೂರಿಸಿದ ಫಾಂಟ್‌ಗಳು ಅವು. ಪೇಜ್‌ಮೇಕರ್‌ನಂಥ ಡಿಟಿಪಿ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡ ಬರ್ತಿರಲಿಲ್ಲವಾದ್ದರಿಂದ ಪ್ರೆಸ್‌ಗೆ ಹೋಗೋ ಬರವಣಿಗೆಯೆಲ್ಲ ಎಷ್ಟೋ ವರ್ಷ ಹಾಗೇ ಮುಂದುವರೀತು. ಆ ಫಾಂಟ್‌ಗಳು ಇಲ್ದಿದ್ರೆ ಕಂಪ್ಯೂಟರ್‌ನಲ್ಲಿ ಆಗ ಎಷ್ಟೋ ಜನಕ್ಕೆ ಕನ್ನಡ ಸಿಗ್ತಿರಲಿಲ್ಲ. ಅದಕ್ಕೆ ಥ್ಯಾಂಕ್ಸ್ ಹೇಳಲೇಬೇಕು. ಆದ್ರೆ ಸಾಲ ಈಗ ನಮ್ಮ ತಲೆ ಮೇಲಿದೆ.

‘ಕನ್ನಡ’ ಅನ್ನೋ ಪದವನ್ನೇ ತಗೊಳ್ಳಿ. ನುಡಿ ಫೈಲ್‌ನಲ್ಲಿ ಅದು ದೊಡ್ಡ ಪಿ, ಗೀಟಿನ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಎಸ್ಸೆಟ್, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಒಟ್ಟು 7 ಗುರುತು, ಒಂದೂ ಕನ್ನಡದ್ದಲ್ಲ. ಯೂನಿಕೋಡಲ್ಲಿ ಅದೇ ಪದಕ್ಕೆ ಕ, ನ, ಹಲಂತ, ನ, ಡ ಅಂತ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ನಮ್ಮ ಸಂಚಿಕೆಗಳಲ್ಲಿ ‘ಕನ್ನಡ’ ಅಂತ ಹುಡುಕಿದ್ರೆ ಫಲಿತಾಂಶ ಸೊನ್ನೆ. ಗೂಗಲ್‌ಗೂ ಸಿಗಲ್ಲ, ಫೋನಲ್ಲೂ ಕಾಣಲ್ಲ. ಸ್ಕ್ರೀನ್ ರೀಡರ್ ಬಳಸೋ ನಮ್ಮ ಗೆಳೆಯರಿಗೆ ಅದು ಪಿ, ಎ, ಪೌಂಡ್ ಅಂತಲೇ ಕೇಳಿಸುತ್ತೆ. ಬರೆದವರು ಪಾಸಾಗಿ ಹೋದ್ರು. ಬರೆದದ್ದು ಇದ್ದೂ ಇಲ್ಲದಂಗಾಯ್ತು.

ಇಲ್ಲಿ ಶೆಲ್ ಸ್ಕ್ರಿಪ್ಟ್ ಬರುತ್ತೆ. ಸೆಡ್ ಅನ್ನೋ ಪುಟ್ಟ ಪ್ರೋಗ್ರಾಮನ್ನ ಲೀ ಮೆಕ್‌ಮಹಾನ್ 1973-74ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ್ರು. ಇದನ್ನ ಅದಾಗಿ ಬದಲಿಸು ಅಂದ್ರೆ ಫೈಲ್‌ನ ಸಾಲುಸಾಲಾಗಿ ಓದಿ ಬದಲಿಸುತ್ತೆ. ಅದನ್ನ ಒಂದು ಫಾರ್ ಲೂಪ್ ಒಳಗೆ ಹಾಕಿದ್ರೆ 5 ಫೈಲ್ ಆದ್ರೂ ಅಷ್ಟೇ, 500 ಆದ್ರೂ ಅಷ್ಟೇ. ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿಯೋ ಮುಂಚೆ ಮುಗಿಯುತ್ತೆ. ಲ್ಯಾಬಲ್ಲಿ ಮಾರ್ಕ್ಸ್‌ಗೋಸ್ಕರ ಬರೆದು ಮರೆಯೋ ಈ ನಾಲ್ಕು ಸಾಲಿಗೆ ಒಂದು ನಿಜವಾದ ಉಪಯೋಗ ಇದು.

ಹಾಗಂತ ಕಣ್ಣು ಮುಚ್ಚಿ ಓಡಿಸಿದ್ರೆ ಏನಾಗುತ್ತೆ? ನುಡಿಯಲ್ಲಿ ‘ವ’ ಅಕ್ಷರಕ್ಕೆ ಒಂದು ಬಾಲ ಸೇರಿಸಿದ್ರೆ ‘ಮ’ ಆಗುತ್ತೆ. ಬೇರೆ ಅಕ್ಷರಗಳಿಗೆ ಅದೇ ಬಾಲ ಉಕಾರದ ಕೊಂಬು. ಮೊದಲು ‘ವ’ ಬದಲಿಸಿ ಆಮೇಲೆ ಕೊಂಬು ಬದಲಿಸಿದ್ರೆ ‘ಮನೆ’ ಹೋಗಿ ‘ವುನೆ’, ‘ಮತ್ತು’ ಹೋಗಿ ‘ವುತ್ತು’. ಉದ್ದದ ಗುರುತನ್ನ ಮೊದಲು, ಚಿಕ್ಕದನ್ನ ಆಮೇಲೆ ಬದಲಿಸಬೇಕು. ಇನ್ನು ಅರ್ಕಾವತ್ತು. ಕಣ್ಣಿಗೆ ಕಾಣೋ ಹಾಗೆ ನುಡಿ ಅದನ್ನ ಅಕ್ಷರದ ನಂತರ ಇಡುತ್ತೆ. ಯೂನಿಕೋಡ್ ನಾವು ಉಚ್ಚರಿಸೋ ಹಾಗೆ ‘ರ್’ ಮೊದಲು ಇಡುತ್ತೆ. ಈ ಜಾಗ ಬದಲಾವಣೆ ಮರೆತ್ರೆ ‘ಕರ್ನಾಟಕ’ ನೇರವಾಗಿ ‘ಕನಾರ್ಟಕ’. ಎಷ್ಟೋ ವೆಬ್‌ಸೈಟ್‌ಗಳಲ್ಲಿ ನೋಡಿ ನಗ್ತೀವಲ್ಲ, ಆ ತಪ್ಪಿಗೆ ಇದೂ ಒಂದು ಕಾರಣ. ಮತ್ತೊಂದು ತಮಾಷೆ: ನುಡಿಯಲ್ಲಿ ‘ಅ’ ಇರೋದು ಇಂಗ್ಲಿಷಿನ ದೊಡ್ಡ ಸಿ ಜಾಗದಲ್ಲಿ. ಬರೀ ಪಠ್ಯವಾಗಿ ಉಳಿಸಿದ ಫೈಲ್‌ನಲ್ಲಿ ಫಾಂಟ್ ಯಾವುದು ಅನ್ನೋ ಮಾಹಿತಿ ಇರಲ್ಲ. ಹಾಗಾಗಿ ಸೀನಿಯರ್ ಒಬ್ಬರು ಸಿ ಭಾಷೆ ಬಗ್ಗೆ ಬರೆಯುವಾಗ ಅದೊಂದು ಅಕ್ಷರವನ್ನ ಇಂಗ್ಲಿಷಲ್ಲೇ ಬಿಟ್ಟಿದ್ರೆ, ಸ್ಕ್ರಿಪ್ಟ್ ಅದನ್ನ ‘ಅ ಭಾಷೆ’ ಮಾಡಿಬಿಡುತ್ತೆ.

ಈ ಪರಿವರ್ತನೆಗೆ ಸ್ವತಂತ್ರ ತಂತ್ರಾಂಶದ ಕನ್ನಡಿಗರು ಮಾಡಿಟ್ಟ ಪರಿವರ್ತಕಗಳಿವೆ, ಅವನ್ನೇ ಬಳಸೋಣ. ಜಾಗ ಬದಲಾವಣೆಯಂಥ ಕೆಲಸಕ್ಕೆ ಸೆಡ್‌ಗಿಂತ ಪೈಥಾನೋ ಪರ್ಲೋ ವಾಸಿ. ಸೆಡ್‌ಗೆ ಹೇಳಿ ಮಾಡಿಸಿದ್ದು ಆಮೇಲಿನ ಕ್ಲೀನಿಂಗ್. ಉದಾಹರಣೆಗೆ, ಯೂನಿಕೋಡಲ್ಲೇ ಟೈಪಾದ ಎಷ್ಟೋ ಲೇಖನಗಳಲ್ಲಿ ‘ಕಂಪ್ಯೂಟರ್’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿರ್ತಾರೆ. ನೋಡೋಕೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹಾಗಂತ ಎಲ್ಲ ಸೊನ್ನೆಯನ್ನೂ ಅನುಸ್ವಾರ ಮಾಡಿದ್ರೆ ‘೧೦ನೇ ತರಗತಿ’ಯ ಸೊನ್ನೆಯೂ ಅನುಸ್ವಾರ ಆಗುತ್ತೆ. ಹಿಂದೆ ಅಕ್ಷರವೋ ಕಾಗುಣಿತದ ಗುರುತೋ ಇದ್ರೆ ಬದಲಿಸು, ಅಂಕಿ ಇದ್ರೆ ಬಿಡು ಅಂತ ನಿಯಮ ಬರೀಬೇಕು. ‘ಸಾಫ್ಟ್‌ವೇರ್’ ಪದದ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತೆ. ಕೆಲವರು ಹಾಕ್ತಾರೆ, ಕೆಲವರು ಹಾಕಲ್ಲ. ಒಂದು ಹುಡುಕಿದ್ರೆ ಇನ್ನೊಂದು ಸಿಗಲ್ಲ.

ಈಗ ನಮಗೆ ತುಂಬಾ ಇಷ್ಟವಾದ ಉದಾಹರಣೆ. ಹೊಸಬರಿಗೆ ಅಂತ ನಾವು ಮಾಡೋ ಕೈಪಿಡಿಯಲ್ಲಿ ಊರಿನ ಪೂರ್ವ ಭಾಗವೆಲ್ಲ ಬರುತ್ತೆ: ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ. ಒಬ್ಬೊಬ್ಬರು ಒಂದೊಂದು ಫೈಲ್ ಬರೆಯೋದ್ರಿಂದ ಹೆಸರುಗಳೂ ಒಂದೊಂದು ಥರ. ಒಬ್ಬರು ಕೃಷ್ಣರಾಜಪುರ ಅಂತಾರೆ, ಇನ್ನೊಬ್ಬರು ಆಟೊದವರ ಥರ ಕೆ.ಆರ್. ಪುರಂ ಅಂತಾರೆ. ಸರಿ, ‘ಪುರಂ’ ಇದ್ದಲ್ಲೆಲ್ಲ ‘ಪುರ’ ಮಾಡು ಅಂತ ಸೆಡ್‌ಗೆ ಹೇಳಿದ್ರೆ? ಸಾಂಸ್ಕೃತಿಕ ಕಾರ್ಯಕ್ರಮದ ಪುಟದಲ್ಲಿ ಪುರಂದರದಾಸರು ‘ಪುರದರದಾಸರು’ ಆಗ್ತಾರೆ. ದಂಡು ರೈಲ್ವೆ ನಿಲ್ದಾಣ ಹೊಸಬರಿಗೆ ಗೊತ್ತಾಗಲಿ ಅಂತ ‘ದಂಡು’ ತೆಗೆದು ‘ಕಂಟೋನ್ಮೆಂಟ್’ ಹಾಕಿದ್ರೆ, ಸಿನಿಮಾ ಪುಟದಲ್ಲಿ ದಂಡುಪಾಳ್ಯ ‘ಕಂಟೋನ್ಮೆಂಟ್‌ಪಾಳ್ಯ’.

ಇಂಗ್ಲಿಷಿನಲ್ಲಾದ್ರೆ ಪದದ ಎರಡು ಕಡೆ ಗಡಿ ಹಾಕಿ, ಇಡೀ ಪದ ಸಿಕ್ಕರೆ ಮಾತ್ರ ಬದಲಿಸು ಅಂದ್ರೆ ಹೆಚ್ಚುಕಮ್ಮಿ ಮುಗೀತು. 2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರು ಆದಾಗ ಇಂಗ್ಲಿಷ್ ಫೈಲ್‌ಗಳಿಗೆ ಬಹುಮಟ್ಟಿಗೆ ಅಷ್ಟು ಸಾಕಿತ್ತು. ಕನ್ನಡದಲ್ಲಿ ಅದು ಮೊದಲಿಂದಲೂ ಬೆಂಗಳೂರೇ, ಆ ಮಾತು ಬೇರೆ. ಕನ್ನಡದ ಹೆಸರು ಒಂಟಿಯಾಗಿ ಬರೋದೇ ಕಮ್ಮಿ: ಪುರಂನಲ್ಲಿ, ಪುರಂನಿಂದ, ಪುರಂಗೆ. ಬರೀ ಹೆಸರು ಬದಲಿಸಿದ್ರೆ ‘ಪುರನಲ್ಲಿ’, ‘ಪುರಗೆ’ ಅಂತಾಗುತ್ತೆ. ಯಾರಾದ್ರೂ ಹಾಗೆ ಮಾತಾಡ್ತಾರಾ? ಪುರದಲ್ಲಿ, ಪುರದಿಂದ, ಪುರಕ್ಕೆ ಆಗಬೇಕು. ಹೆಸರಿನ ಜೊತೆ ಪ್ರತ್ಯಯವೂ ಬದಲಾಗಬೇಕು.

ಖುಷಿ ಏನು ಗೊತ್ತಾ? ಯೂನಿಕೋಡಲ್ಲಿ ‘ನಿ’ ಅಂದ್ರೆ ‘ನ’ ಮತ್ತು ಗುಡಿಸು, ಎರಡು ಬೇರೆ ಸಂಕೇತ. ಹಾಗಾಗಿ ‘ಪುರಂನ’ ಇದ್ದದ್ದನ್ನ ‘ಪುರದ’ ಮಾಡು ಅನ್ನೋ ಒಂದೇ ನಿಯಮಕ್ಕೆ ಪುರಂನ, ಪುರಂನಲ್ಲಿ, ಪುರಂನಿಂದ ಮೂರೂ ಸರಿಹೋಗುತ್ತೆ. ‘ಪುರಂಗೆ’ ಬಂದ್ರೆ ‘ಪುರಕ್ಕೆ’ ಅಂತ ಇನ್ನೊಂದು ನಿಯಮ. ಒಂಟಿ ‘ಪುರಂ’ಗೆ ಕೊನೆಯಲ್ಲಿ ಮತ್ತೊಂದು. ಎಲ್ಲದಕ್ಕೂ ಮುಂದೆ ‘ಕೆ.ಆರ್.’ ಇರಲೇಬೇಕು ಅಂದ್ರೆ ಪುರಂದರದಾಸರು ಸೇಫ್. ಆ ಚುಕ್ಕಿಗಳ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕೋದು ಮರೀಬೇಡಿ. ಇಲ್ದಿದ್ರೆ ಸೆಡ್‌ಗೆ ಚುಕ್ಕಿ ಅಂದ್ರೆ ಯಾವ ಅಕ್ಷರವಾದ್ರೂ ಸರಿ ಅಂತ ಅರ್ಥ.

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ‘ಉ, ಅನ್ನು, ಇಂದ, ಗೆ’ ಅಂತ ಪರೀಕ್ಷೆಗೆ ಉರು ಹೊಡೆದು ಆನ್ಸರ್ ಶೀಟಲ್ಲಿ ಬಿಟ್ಟು ಬಂದವರು. ವಿಭಕ್ತಿ ಯಾಕೆ ಬೇಕು ಅಂತ ಯಾವ ಮೇಷ್ಟ್ರಿಗೂ ಕೊಡೋಕಾಗದ ಉತ್ತರ ಈ ಮೂರು ಸಾಲಿನ ಸ್ಕ್ರಿಪ್ಟಲ್ಲಿದೆ. ಕೋಡ್ ಮಾತ್ರ ಗೊತ್ತಿರೋರಿಗೆ ಇದು ಆಗಲ್ಲ, ಕನ್ನಡ ಮಾತ್ರ ಗೊತ್ತಿರೋರಿಗೂ ಆಗಲ್ಲ. ಎರಡೂ ಥರದವರು ಒಂದೇ ಕ್ಯಾಂಟೀನಲ್ಲಿ ಟೀ ಕುಡಿಯೋ ಜಾಗ ನಮ್ಮದು.

“ಎಐಗೆ ಹಾಕಿದ್ರೆ ಮುಗೀತಲ್ಲ ಮಗಾ” ಅಂತೀರಿ, ಗೊತ್ತು. ಒಂದು ಪುಟಕ್ಕೆ ಹಾಕಿ, ಬೇಡ ಅನ್ನಲ್ಲ. ಆದ್ರೆ ನೂರಾರು ಫೈಲ್ ಕೊಟ್ಟಾಗ ಅದು ಎಲ್ಲಿ ಒಂದು ಪದ ತಿದ್ದಿತು, ಎಲ್ಲಿ ಒಂದು ಸಾಲು ನುಂಗಿತು ಅಂತ ಅದಾಗಿ ಹೇಳಲ್ಲ. ಸ್ಕ್ರಿಪ್ಟ್ ತಪ್ಪು ಮಾಡಿದ್ರೂ ಎಲ್ಲ ಕಡೆ ಒಂದೇ ತಪ್ಪು ಮಾಡುತ್ತೆ. ಒಂದು ಕಡೆ ಹಿಡಿದ್ರೆ ಎಲ್ಲ ಕಡೆ ಸರಿ ಮಾಡಬಹುದು. ಬೇರೆಯವರ ಬರವಣಿಗೆ ನಮ್ಮ ಕೈಯಲ್ಲಿರುವಾಗ ಅಷ್ಟು ಲೆಕ್ಕ ಕೊಡಲೇಬೇಕು.

ಇದೇ ಕಾರಣಕ್ಕೆ ಒಂದು ಗೆರೆಯನ್ನೂ ಎಳೀಬೇಕು. ಕೈಪಿಡಿ ನಮ್ಮದು, ಅದರಲ್ಲಿ ಒಂದೇ ಕಾಗುಣಿತ ಇರಲಿ. ಹಳೇ ಸಂಚಿಕೆ ನಮ್ಮದಲ್ಲ. ಅಲ್ಲಿ ಸಂಕೇತ ಬದಲಾಗಲಿ, ಸೊನ್ನೆ-ಅನುಸ್ವಾರದಂಥ ಬೆರಳಿನ ತಪ್ಪು ಸರಿಹೋಗಲಿ, ಸಾಕು. ಸೀನಿಯರ್ ಒಬ್ಬರು ‘ಅಲಸೂರು’ ಅಂತ ಬರೆದಿದ್ರೆ ಅದು ಅಲಸೂರೇ. ಶಿವಾಜಿನಗರವನ್ನ ಅಜ್ಜಿಯ ಬಾಯಲ್ಲಿ ‘ಬ್ಲ್ಯಾಕ್‌ಪಲ್ಲಿ’ ಅನ್ನಿಸಿದ್ರೆ ಅದನ್ನ ತಿದ್ದೋ ಹಕ್ಕು ಯಾವ ಫಾರ್ ಲೂಪಿಗೂ ಇಲ್ಲ. ಒಂದು ಹೆಸರಲ್ಲಿ ಈ ಊರು ಎಷ್ಟು ಸಲ ಬದಲಾಯ್ತು ಅನ್ನೋದೂ ಇರುತ್ತೆ.

ಕೆಲಸದ ರೀತಿ ಸಿಂಪಲ್. ಮೊದಲು ಇಡೀ ಫೋಲ್ಡರ್ ಕಾಪಿ ಮಾಡಿ ಗಿಟ್‌ಗೆ ಹಾಕೋದು. ಬದಲಿಸೋ ಮುಂಚೆ ಗ್ರೆಪ್ ಓಡಿಸಿ ಎಲ್ಲೆಲ್ಲಿ ಸಿಗುತ್ತೆ ಅಂತ ಕಣ್ಣಾರೆ ನೋಡೋದು. ಸೆಡ್ ಮೊದಲ ಸಲ ಪರದೆ ಮೇಲೆ ಮಾತ್ರ ತೋರಿಸಲಿ. ಸರಿ ಅನಿಸಿದ ಮೇಲೆ ಫೈಲ್‌ಗೆ ಕೈ ಹಾಕಲಿ, ಬ್ಯಾಕಪ್ ಸಮೇತ. ಈ ಆಯ್ಕೆ ಮ್ಯಾಕ್‌ನಲ್ಲಿ ಸ್ವಲ್ಪ ಬೇರೆ ಥರ, ಮ್ಯಾಕ್ ಇರೋರು ನೋಡ್ಕೊಳ್ಳಿ. ‘ರಾಜ್ಯೋತ್ಸವ ವಿಶೇಷ’ ಥರ ನಡುವೆ ಜಾಗ ಇರೋ ಫೈಲ್ ಹೆಸರಿದ್ರೆ ಲೂಪ್‌ನಲ್ಲಿ ಉದ್ಧರಣ ಚಿಹ್ನೆ ಹಾಕಲೇಬೇಕು. ಇಲ್ಲಾಂದ್ರೆ ಅದು ಎರಡು ಫೈಲ್ ಅಂದುಕೊಳ್ಳುತ್ತೆ. ಕೊನೆಗೆ ಡಿಫ್ ತೆಗೆದು ಒಬ್ಬರು ಕೂತು ಓದಬೇಕು. ಸ್ಕ್ರಿಪ್ಟ್ ಅರ್ಧ ಗಂಟೆ, ಓದೋದು ಇಡೀ ಮಧ್ಯಾಹ್ನ. ಬೇಜಾರು ಮಾಡ್ಕೋಬೇಡಿ, ಓದೋದ್ರಲ್ಲೇ ಮಜಾ ಇರೋದು. ಹಾಸ್ಟೆಲ್ ಊಟ ಆಗಲೂ ಹೀಗೇ ಇತ್ತು ಅಂತ ಗೊತ್ತಾಗುತ್ತೆ.

ಹಾಗಾಗಿ ಸಂಘದ ಮುಂದೆ ನಮ್ಮ ಬೇಡಿಕೆ ಇದು. ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಕೊಡಿ. ಟರ್ಮಿನಲ್ ಗೊತ್ತಿರೋ ಒಬ್ಬರು, ಕನ್ನಡ ಚೆನ್ನಾಗಿ ಗೊತ್ತಿರೋ ಒಬ್ಬರು, ಇಬ್ಬರಿಗೆ ಒಂದು ಲ್ಯಾಪ್‌ಟಾಪ್. ಬ್ರಾಂಚ್ ಯಾವುದಾದ್ರೂ ನಡೆಯುತ್ತೆ, ಸಿವಿಲ್‌ನವರೂ ಬನ್ನಿ. ಒಂದು ಕೂಟಕ್ಕೆ ಒಂದು ವರ್ಷದ ಸಂಚಿಕೆ ಸಾಕು. ಬರೆದ ನಿಯಮಗಳನ್ನೆಲ್ಲ ಎಲ್ಲರಿಗೂ ಸಿಗೋ ಹಾಗೆ ಇಟ್ಟರೆ ಪಕ್ಕದ ಕಾಲೇಜಿನ ಸಂಘಕ್ಕೂ ಕೆಲಸಕ್ಕೆ ಬರುತ್ತೆ. ಮುಂದಿನ ನವೆಂಬರ್ 1ಕ್ಕೆ ಡೊಳ್ಳು ಬಾರಿಸೋಣ, ಬೇಡ ಅಂದವರು ಯಾರು? ಆದ್ರೆ ಅವತ್ತು ಯಾರಾದ್ರೂ ನಮ್ಮ ಪತ್ರಿಕೆಯಲ್ಲಿ ‘ಕನ್ನಡ’ ಅಂತ ಹುಡುಕಿದ್ರೆ ಸೊನ್ನೆ ಬರಬಾರದು.