ಗಿಳಿ ಕಚ್ಚಿದರೆ ತಪ್ಪು ಯಾರದು?

ರೋಣದ ಜೋಳ, ಸೂರ್ಯಕಾಂತಿ ಹೊಲಗಳಿಗೆ ಬರುವ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾಗಾಗಿ ನನ್ನ ಬಿ.ಇ. ಗೆಳೆಯರಲ್ಲಿ ಕೆಲವರು ಆಸ್ಟ್ರೇಲಿಯಾ ಮೂಲದ ಕಾಕಟೀಲ್ ಸಾಕಿದ್ದಾರೆ. ಹೆಗಲೇರಿ ಕೂರುತ್ತಿದ್ದ ಹಕ್ಕಿ ಒಮ್ಮೆಲೇ ಕಚ್ಚತೊಡಗಿದರೆ, ಸೊಕ್ಕು ಬಂತೆಂದು ಹೊಡೆಯುವವರಿದ್ದಾರೆ, ಹೊರಗೆ ಹಾರಿಬಿಡುವವರೂ ಇದ್ದಾರೆ. ಪಂಜರದಲ್ಲೇ ಬೆಳೆದ ಹಕ್ಕಿಗೆ ಹೊರಗೆ ಬದುಕುವುದು ಗೊತ್ತಿಲ್ಲ.

ಅದು ಸೊಕ್ಕಲ್ಲ, ಪ್ರಾಯಕ್ಕೆ ಬಂದ ಹಕ್ಕಿಯ ಹಾರ್ಮೋನುಗಳ ಆಟ. ಅವನ್ನು ಕೆರಳಿಸುವವರು ಬಹುಪಾಲು ನಾವೇ. ಮಧ್ಯರಾತ್ರಿವರೆಗೆ ಟ್ಯೂಬ್‌ಲೈಟ್ ಉರಿದರೆ, ಹಗಲು ಉದ್ದವಾಯಿತು, ಮರಿ ಮಾಡುವ ಕಾಲ ಬಂತು ಎಂದು ಅದರ ದೇಹ ತಿಳಿಯುತ್ತದೆ. ಬೆನ್ನು ಸವರಿದರೆ ನಮ್ಮನ್ನೇ ಸಂಗಾತಿ ಎಂದುಕೊಳ್ಳುತ್ತದೆ. ಪಂಜರದೊಳಗಿನ ಡಬ್ಬಿಯೇ ಗೂಡಾಗಿ, ಅದನ್ನು ಕಾಯಲು ಕಚ್ಚುತ್ತದೆ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ರಾತ್ರಿ 10–12 ಗಂಟೆ ಕತ್ತಲು ಕೊಡಿ. ಡಬ್ಬಿ ತೆಗೆಯಿರಿ. ತಲೆಯನ್ನಷ್ಟೇ ಸವರಿ. ಸೂರ್ಯಕಾಂತಿ ಬೀಜ ಕಡಿಮೆ ಮಾಡಿ, ಸೊಪ್ಪು ಹಾಕಿ. ಜುಟ್ಟು ಹಿಂದಕ್ಕೆ ಮಲಗಿಸಿ ಬುಸುಗುಟ್ಟಿದಾಗ ಕೈ ಹಾಕಬೇಡಿ. ಕಚ್ಚಿದರೂ ಚೀರದೆ ಸುಮ್ಮನೆ ದೂರ ಸರಿಯಿರಿ. ಕೆಲವು ವಾರಗಳಲ್ಲಿ ತಣ್ಣಗಾಗದಿದ್ದರೆ ಪಶುವೈದ್ಯರಿಗೆ ತೋರಿಸಿ.

ಇಷ್ಟು ತಾಳ್ಮೆ ಇಲ್ಲದವರು ಪಂಜರ ಕೊಳ್ಳದಿರುವುದೇ ಲೇಸು. ಗಿಳಿ ನೋಡುವ ಆಸೆಗೆ ಹೊಲದ ಬದುವಿನ ಬೇವಿನ ಮರ ಇದ್ದೇ ಇದೆ.