ಕಾರು ಊರಿಗೆ ಬಂತು, ಕಾಗದ ಬಂತೆ?

ಮಕ್ಕಳೇ, ಶಿಗ್ಗಾಂವಿಯ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವಾಗ ನಾನೂ ನನ್ನ ಮೊಮ್ಮಗಳೂ ಒಂದು ಆಟ ಆಡುತ್ತೇವೆ. ಹಾದುಹೋಗುವ ಕಾರುಗಳ ನಂಬರಿನ ಮೊದಲ ಎರಡು ಅಕ್ಷರ ನೋಡಿ ರಾಜ್ಯ ಹೇಳಬೇಕು. ಪುಣೆ–ಬೆಂಗಳೂರು ರಸ್ತೆಯಲ್ಲವೇ, ಕೆಎ ಬಿಟ್ಟರೆ ಎಂಎಚ್ ಬಹಳ. ಮೊನ್ನೆ ಅವಳು ಕೇಳಿದಳು: “ಅಜ್ಜಾ, ಹಾನಗಲ್ಲದಾಗ ನಮ್ಮ ಓಣ್ಯಾಗ ಎಂಎಚ್ 12 ಕಾರು ನಿಂತೈತಲ್ಲ, ಅದು ಪುಣೆದ್ದೋ, ನಮ್ಮೂರದ್ದೋ?”

ಆ ಮನೆಯ ಮಗ ಪುಣೆಯಲ್ಲಿ ಹೊಸ ಕಾರು ಕೊಂಡು ಹಳೆಯದನ್ನು ಅಪ್ಪನಿಗೆ ಕೊಟ್ಟಿದ್ದಾನೆ. ಇಂಥ ಕಾರುಗಳು ಸವಣೂರಿನಲ್ಲೂ ಇವೆ, ಹಿರೇಕೆರೂರಿನಲ್ಲೂ ಇವೆ. ಆದ್ದರಿಂದ ಈ ವಾರದ ಉತ್ತರ ನಿಮ್ಮ ಅಜ್ಜ–ಅಜ್ಜಿಯರಿಗೂ ಬೇಕಾದದ್ದು.

ಒಂದು ರಾಜ್ಯದಲ್ಲಿ ನೋಂದಣಿಯಾದ ಕಾರು ಇಡೀ ದೇಶದಲ್ಲಿ ಓಡಬಹುದು. ಹಬ್ಬಕ್ಕೆ ಬಂದು ಹೋಗುವ ಕಾರಿಗೆ ಏನೂ ಮಾಡಬೇಕಿಲ್ಲ. ಆದರೆ 12 ತಿಂಗಳು ಮೀರಿ ಬೇರೆ ರಾಜ್ಯದಲ್ಲೇ ಉಳಿದರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. 1988ರ ಮೋಟಾರು ವಾಹನ ಕಾಯ್ದೆಯ ಮಾತು ಇದು.

ಅದಕ್ಕೆ ಮೊದಲು ಪುಣೆಯ ಆರ್‌ಟಿಒ ಕಚೇರಿಯಿಂದ ‘ನಮ್ಮ ತಕರಾರಿಲ್ಲ’ ಎಂಬ ಪತ್ರ ತರಬೇಕು. ಜನ ಎನ್‌ಒಸಿ ಅನ್ನುವುದು ಇದಕ್ಕೇ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಅರ್ಜಿಯ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಇರಬೇಕು. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತೀರಲ್ಲ, ಹಾಗೆಯೇ! ಆಮೇಲೆ ಹಾವೇರಿಯ ಕಚೇರಿಯಲ್ಲಿ, ಕಾರಿನ ಬೆಲೆ ಮತ್ತು ವಯಸ್ಸಿಗೆ ತಕ್ಕಂತೆ ಕರ್ನಾಟಕದ ತೆರಿಗೆ ಕಟ್ಟಿದರೆ ಕೆಎ 27 ನಂಬರ್ ಸಿಗುತ್ತದೆ. ಮಹಾರಾಷ್ಟ್ರಕ್ಕೆ ಮೊದಲೇ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ಅರ್ಜಿ ಹಾಕಿ ವಾಪಸು ಕೇಳಬಹುದು.

ನಮ್ಮ ಸೀಮೆಗೆ ರಾಜ್ಯ ಬದಲಾಗುವುದು ಹೊಸದಲ್ಲ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಮುಂಬಯಿ ಪ್ರಾಂತಕ್ಕೆ ಸೇರಿದ್ದವು; ಸವಣೂರು ನವಾಬರದಾಗಿತ್ತು, 1948ರಲ್ಲಿ ಮುಂಬಯಿಗೆ ಸೇರಿತು. 1956ರ ನವೆಂಬರ್ 1ರಂದು ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. ಆಗ ಮನೆ ಅಲ್ಲೇ ಇತ್ತು, ರಾಜ್ಯ ಬದಲಾಯಿತು. ಈಗ ಕಾರೇ ರಾಜ್ಯ ದಾಟಿ ಬರುತ್ತದೆ. ಹಾಗೆ ಪದೇ ಪದೇ ವರ್ಗವಾಗುವ ಸರ್ಕಾರಿ ನೌಕರರು, ಸೈನಿಕರು ಮೊದಲಾದವರಿಗೆಂದೇ 2021ರಲ್ಲಿ ‘ಬಿಎಚ್’ ನಂಬರ್ ಬಂದಿದೆ. ಅವರು ರಾಜ್ಯ ಬದಲಿಸಿದಾಗ ನಂಬರ್ ಬದಲಿಸಬೇಕಿಲ್ಲ.

ಇನ್ನು ವಿಮೆ. “ಕಾರು ಕೆಟ್ಟರೆ ನಾನೇ ರಿಪೇರಿ ಮಾಡಿಸ್ತೀನಿ, ವಿಮೆ ಯಾಕ ಬೇಕು?” ಎನ್ನುವ ಹಿರಿಯರಿದ್ದಾರೆ. ಕಾನೂನು ಕಡ್ಡಾಯ ಮಾಡಿರುವ ವಿಮೆ ಕಾರಿಗಾಗಿ ಇರುವುದಲ್ಲ. ದಾರಿಯಲ್ಲಿ ನಡೆದು ಹೋಗುವವರಿಗಾಗಿ ಇರುವುದು. ಶಾಲೆಗೆ ಹೊರಟ ನಿಮಗೆ, ಸಂತೆಗೆ ಹೊರಟ ಅಜ್ಜಿಗೆ ಕಾರು ಬಡಿದರೆ ಪರಿಹಾರ ಕೊಡುವುದು ಅದೇ. ಹೀಗಾಗಿ ನಂಬರ್ ಎಲ್ಲಿಯದಾದರೂ ಆ ವಿಮೆ ಒಂದು ದಿನವೂ ತಪ್ಪಕೂಡದು.

ಪುಣೆಯಲ್ಲಿ ಮಾಡಿಸಿದ ವಿಮೆ ಹಾನಗಲ್ಲಿನಲ್ಲೂ ನಡೆಯುತ್ತದೆ. ಆದರೆ ಹೊಸ ನಂಬರ್, ಹೊಸ ವಿಳಾಸ ಕಂಪನಿಗೆ ತಿಳಿಸಬೇಕು. ಕಾರು ಅಪ್ಪನ ಹೆಸರಿಗೆ ಆದರೆ 14 ದಿನಗಳೊಳಗೆ ವಿಮೆಯನ್ನೂ ಅವರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಇಲ್ಲದಿದ್ದರೆ ದಾರಿಹೋಕರಿಗೆ ಪರಿಹಾರ ಸಿಕ್ಕರೂ ಕಾರಿನ ರಿಪೇರಿ ಹಣಕ್ಕೆ ತಕರಾರು ಬರುತ್ತದೆ.

ಹೆಸರು ಬದಲಿಸದೇ ಬಿಟ್ಟರೆ? 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತವಾದಾಗ ಆ ಹೆಸರಿನವರೇ ಹೊಣೆ ಎಂದಿತು ಕೋರ್ಟು. ಅಂದರೆ ಹಾನಗಲ್ಲಿನಲ್ಲಿ ಅಪ್ಪ ಓಡಿಸುವ ಕಾರಿನ ಹೊಣೆ ಪುಣೆಯಲ್ಲಿ ಕುಳಿತ ಮಗನ ತಲೆಗೆ ಬರಬಹುದು.

ಮೊಮ್ಮಗಳಿಗೆ ನಾನು ಹೇಳಿದ್ದಿಷ್ಟು: “ವರ್ಷದೊಳಗ ಆದರ ಪುಣೆದ್ದು, ಆಮ್ಯಾಲ ನಮ್ಮೂರದ್ದು ಆಗಬೇಕವ್ವಾ.”

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಮನೆಯ ಗಾಡಿಯ ಕಾಗದ ತೆಗೆಸಿ ಅಜ್ಜನ ಎದುರಿಗೆ ಮೂರು ವಿಷಯ ಓದಿ ಹೇಳಿ: ಆರ್‌ಸಿಯಲ್ಲಿ ಯಾರ ಹೆಸರಿದೆ, ವಿಮೆಯಲ್ಲಿ ಯಾರ ಹೆಸರಿದೆ, ವಿಮೆ ಮುಗಿಯುವ ತಾರೀಖು ಯಾವುದು. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿ.