ಊರಿನ ಜಾಲತಾಣದ ಕೀಲಿಕೈ ಯಾರ ಹತ್ರ?

ಬನವಾಸಿ ಅಂದರೆ ಸಣ್ಣ ಊರೇನ್ರೀ? ಗ್ರೀಕರ ಟಾಲೆಮಿ ಎರಡನೇ ಶತಮಾನದಲ್ಲೇ ಬರೆದಿಟ್ಟ ಹೆಸರು. ಕದಂಬರ ರಾಜಧಾನಿ. ಪಂಪ ಮಹಾಕವಿ ನೆನೆನೆನೆದು ಹಂಬಲಿಸಿದ ನಾಡು. ಇಂಥ ಊರನ್ನು ಇವತ್ತು ಮೊಬೈಲಿನಲ್ಲಿ ಹುಡುಕಿ ನೋಡಿ. ರೂಮು ಬುಕ್ ಮಾಡಿ ಅನ್ನುವ ಜಾಹೀರಾತು, ಅವರದನ್ನು ಇವರು ಇವರದನ್ನು ಅವರು ನಕಲು ಹೊಡೆದ ನಾಲ್ಕು ಸಾಲು. ಶಿರಸಿಗೆ ಕಡೇ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಅದಕ್ಕೆ ಈಗಲೂ ಚಹಾದಂಗಡಿಯವನೇ ಗತಿ!

ಆದ್ದರಿಂದ ಊರವರೇ ಸೇರಿ ಪುಕ್ಕಟೆ ದುಡಿದು ಒಂದು ಜಾಲತಾಣ ನಡೆಸಬೇಕು ಎನ್ನುವ ಮಾತು ಸರಿಯಾದದ್ದೇ. ಬನವಾಸಿಗೆ ಮಾತ್ರವಲ್ಲ, ಸೋಂದೆಗೂ ಬೇಕು, ಸಿದ್ದಾಪುರದ ಬಿಳಗಿಗೂ ಬೇಕು. ಆದರೆ ಮಾಡುವುದು ಸುಲಭ, ನಡೆಸುವುದು ಕಷ್ಟ ಮಾರಾಯ್ರೇ.

ಸಾಮಾನ್ಯವಾಗಿ ಆಗುವುದೇನು? ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಊರಿನ ಹುಡುಗ ಹಬ್ಬಕ್ಕೆ ಬಂದಾಗ ಹುರುಪಿನಿಂದ ಶುರು ಮಾಡುತ್ತಾನೆ. ಉದ್ಘಾಟನೆ, ಹಾರ, ಭಾಷಣ, ಪೇಪರಿನಲ್ಲಿ ಫೋಟೋ ಎಲ್ಲ ಆಗುತ್ತದೆ. ಪಾಸ್‌ವರ್ಡ್ ಮಾತ್ರ ಅವನೊಬ್ಬನ ಹತ್ರ. ಹುಡುಗನಿಗೆ ಮದುವೆಯಾಯಿತು, ಕೆಲಸ ಬದಲಾಯಿತು, ಹೆಸರಿನ ನವೀಕರಣಕ್ಕೆ ವರ್ಷಕ್ಕೆ ಕಟ್ಟಬೇಕಾದ ಸಾವಿರ ರೂಪಾಯಿ ಆಸುಪಾಸಿನ ಹಣ ಕಟ್ಟುವವರಿಲ್ಲ. ಒಂದು ದಿನ ತಾಣವೇ ಮಾಯ! ಅದರ ಜೊತೆಗೆ ಯಾರದೋ ಅಜ್ಜನ ಪೆಟ್ಟಿಗೆಯಿಂದ ತೆಗೆಸಿ ಹಾಕಿದ ಹಳೇ ತೇರಿನ ಫೋಟೋಗಳೂ ಹೋದವು. ಪುಕ್ಕಟೆ ಜಾಗ ಕೊಡುವ ಕಂಪನಿಗಳನ್ನು ನಂಬುವ ಹಾಗಿಲ್ಲ. ಜಿಯೋಸಿಟೀಸ್ ಎಂಬ ದೊಡ್ಡ ಪುಕ್ಕಟೆ ಸಂತೆಯನ್ನು ಯಾಹೂ ಕಂಪನಿ 2009ರಲ್ಲಿ ಜಪಾನ್ ಒಂದನ್ನು ಬಿಟ್ಟು ಎಲ್ಲ ಕಡೆ ಮುಚ್ಚಿತು. ಅಲ್ಲಿ ಅಂಗಡಿ ಹಾಕಿದವರನ್ನು ಕೇಳಿದವರುಂಟೇ?

ಇನ್ನು ಬರೆಯುವ ವಿಷಯ. ಇಲ್ಲೇ ಜಗಳ ಇರುವುದು. ನಮ್ಮ ಕೇರಿ ಫೋಟೋ ಯಾಕಿಲ್ಲ, ಅವರ ಅಂಗಡಿ ಹೆಸರು ಮೊದಲು ಯಾಕೆ, ಇಂಥವರನ್ನು ಮುಖಂಡರು ಅಂತ ಬರೆದದ್ದು ಯಾರು? ಇದನ್ನಾದರೂ ಕೂತು ಬಗೆಹರಿಸಬಹುದು. ಕೆಟ್ಟದ್ದೆಂದರೆ ಅಭಿಮಾನಕ್ಕೆ ಇತಿಹಾಸ ಬರೆಯುವ ಚಟ. ಮಧುಕೇಶ್ವರ ದೇವಸ್ಥಾನದ ನಾಗಶಿಲೆಯ ಮೇಲಿನ ಶಾಸನ ಪ್ರಾಕೃತದ್ದು. ಅದನ್ನು ಕನ್ನಡದ್ದು ಅಂದುಬಿಟ್ಟರೆ ಊರಿನ ಮಾನ ಹೆಚ್ಚುವುದಿಲ್ಲ. ಮಯೂರವರ್ಮ ಅಂತ ನಾವು ಸಿನಿಮಾ ನೋಡಿ ಕರೆಯುತ್ತೇವೆ. ಶಿಕಾರಿಪುರ ತಾಲೂಕಿನ ತಾಳಗುಂದ ಶಾಸನದಲ್ಲಿರುವ ಹೆಸರು ಮಯೂರಶರ್ಮ. ಊರಿನವರದೇ ತಾಣದಲ್ಲಿ ತಪ್ಪು ಬರೆದರೆ ಶಾಲಾ ಮಕ್ಕಳು ಅದನ್ನೇ ಬರೆಯುತ್ತಾರೆ, ಮರುವರ್ಷ ಗೈಡ್‌ಗಳೂ ಅದನ್ನೇ ಹೇಳುತ್ತಾರೆ. ಯಾವ ಮಾತು ಯಾವ ಪುಸ್ತಕದ್ದು, ಯಾವುದು ಹಿರಿಯರ ಬಾಯಿಮಾತು ಎಂದು ಕೆಳಗೆ ನಮೂದಿಸಲು ಏನು ಧಾಡಿ?

ಅಕ್ಷರದ ಗೋಳು ಬೇರೆ. ಪ್ರೆಸ್ಸಿನಲ್ಲಿ ಹಳೇ ನುಡಿ, ಬರಹ ಅಕ್ಷರದಲ್ಲಿ ಹೊಡೆದಿಟ್ಟ ಸ್ಮರಣಸಂಚಿಕೆಯನ್ನು ಹಾಗೇ ಎತ್ತಿ ಹಾಕಿದರೆ ಕಾಣುವುದು ಕಾಗೆ ಕಾಲು ಗುಬ್ಬಿ ಕಾಲು. ಯೂನಿಕೋಡಿಗೆ ಪರಿವರ್ತಿಸಿ, ಒಂದು ಸಲ ಕಣ್ಣಾಡಿಸಿ ಹಾಕಬೇಕು. ಇಲ್ಲದಿದ್ದರೆ ಹುಡುಕುವವರಿಗೆ ಸಿಗುವುದೇ ಇಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಇತಿಹಾಸ, ಫೋಟೋ ಇವನ್ನೆಲ್ಲ 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯಕ್ಕೆ, ಅದರ ಚಿತ್ರಭಂಡಾರಕ್ಕೆ ಫೋಟೋ ತೆಗೆದವರ ಒಪ್ಪಿಗೆ ಪಡೆದು ಸೇರಿಸಿ. ಅಲ್ಲಿ ದುಡಿಯುವವರೂ ಸಂಬಳವಿಲ್ಲದವರೇ. ನಿಮ್ಮ ತಾಣ ಮುಚ್ಚಿದರೂ ಅದು ಉಳಿಯುತ್ತದೆ. ಊರಿನ ತಾಣದಲ್ಲಿ ದಿನದ ಉಪಯೋಗದ್ದು ಇರಲಿ: ಬಸ್ಸಿನ ವೇಳೆ, ದೇವಸ್ಥಾನ ತೆರೆಯುವ ಹೊತ್ತು, ವರ್ಷ ವರ್ಷ ತಾರೀಕು ಬದಲಾಗುವ ಕದಂಬೋತ್ಸವ ಈ ಸಲ ಯಾವಾಗ, ಮಳೆಗಾಲದಲ್ಲಿ ವರದೆ ಉಕ್ಕಿದರೆ ಯಾವ ದಾರಿ ಬಂದ್. ಯಲ್ಲಾಪುರದ ಘಟ್ಟದ ಹಳ್ಳಿಯಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹಿಡಿಯುವವನಿಗೂ ತೆರೆಯುವಂತೆ ಪುಟ ಹಗುರವಾಗಿರಲಿ. ಕುಣಿಯುವ ಚಿತ್ರ, ಹಾಡು ಬೇಡವೇ ಬೇಡ.

ಪಾಸ್‌ವರ್ಡ್ ಕನಿಷ್ಠ ಮೂವರ ಹತ್ರ ಇರಬೇಕು. ಅದರಲ್ಲಿ ಇಬ್ಬರಾದರೂ ಊರಲ್ಲೇ ಇರುವವರು. ಹಣ ಕಟ್ಟುವ ತಾರೀಕನ್ನು ಊರಿನ ನೋಟೀಸ್ ಬೋರ್ಡಿಗೆ ಬರೆದು ಅಂಟಿಸಿ. ಹಣಕ್ಕೆ ಸರ್ಕಾರದ ಬಾಯಿ ನೋಡಬೇಕಾಗಿಲ್ಲ. ಪೇಟೆಯ ಹತ್ತು ಅಂಗಡಿಯವರು ತಲಾ ನೂರು ರೂಪಾಯಿ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷದ್ದು ಆಯಿತು. ರಶೀದಿ ಮಾತ್ರ ಕೇಳಿ ಪಡೆಯಿರಿ.